ಹಳೆಯ ವೇಗದ ದೋಣಿಗೆ ಯಾವ ಎಂಜಿನ್? ಕಾರಿನದು, ಡೀಸೆಲ್, ಔಟ್‌ಬೋರ್ಡ್: ಕೂಡ್ರಿಸಿ ನೋಡಿದವನ ಲೆಕ್ಕ

ಹುಣಸಗಿಯಲ್ಲಿರುವ ನಮ್ಮ ದೊಡ್ಡವ್ವನ ಮಗ ಕರಾವಳಿಯಿಂದ ಲಾರಿಯಲ್ಲಿ ಒಂದು ದೋಣಿ ತರಿಸಿದ. 17 ಅಡಿಯ ಫೈಬರ್ ದೋಣಿ, ಒಳಗೆ ಮೂರು ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಹಿಂಬದಿಯ ಹಲಗೆಯಾಚೆ ನೀರಿಗಿಳಿಯುವ ಲೆಗ್, ಲೆಗ್ಗಿನ ತುದಿಗೆ ಪಂಖ. ಕಾಗದದಲ್ಲಿ 135 ಎಚ್‌ಪಿ ಎಂದಿತ್ತು. ದೋಣಿಯ ತಳ ಗಟ್ಟಿ ಇತ್ತು, ಲೆಗ್ಗಿನ ಗೇರು ಸದ್ದಿಲ್ಲದೆ ತಿರುಗುತ್ತಿತ್ತು, ಎಂಜಿನ್ ಮಾತ್ರ ಜಾಮ್ ಆಗಿತ್ತು. ಕಲಬುರಗಿಯ ಕಪನೂರಿನಲ್ಲಿರುವ ನನ್ನ ಲೇತ್ ಅಂಗಡಿಗೆ ಬಂದವನೇ ಕೇಳಿದ: "ಅಣ್ಣಾ, ಜಿಪ್ಸಿ ಎಂಜಿನ್ ಒಂದು 35 ಸಾವಿರಕ್ಕ ಸಿಕ್ಕದ. ಅದನ್ನೇ ಕೂಡ್ಸಿದ್ರ ನಡೀತದಿಲ್ಲ?"

ನಡೆಯುತ್ತದೆ. ನಾವು ನಡೆಸಿದೆವು ಕೂಡ. ಆದರೆ ಆ ಎಂಜಿನ್ ನೀರಿಗಿಳಿಯುವ ಹೊತ್ತಿಗೆ ಖರ್ಚು ಎರಡು ಲಕ್ಷ ದಾಟಿತ್ತು, ಏಳು ತಿಂಗಳು ಕಳೆದಿತ್ತು. ಆ ಏಳು ತಿಂಗಳಲ್ಲಿ ಉಳಿದ ದಾರಿಗಳನ್ನೂ ಒಂದೊಂದಾಗಿ ಅಳೆದು ನೋಡಿದೆ. ನಾರಾಯಣಪುರದ ಬಸವಸಾಗರದ ಹಿನ್ನೀರಿರಲಿ, ಭಾಲ್ಕಿ ಕಡೆಯ ಕಾರಂಜಾ ಇರಲಿ, ಅಫಜಲಪುರದ ಸೊನ್ನ ಬ್ಯಾರೇಜ್ ಇರಲಿ, ಇಂಥದೇ ಒಂದು ದೋಣಿ ತಂದು ಶೆಡ್ಡಿನಲ್ಲಿಟ್ಟುಕೊಂಡು ಯೋಚಿಸುತ್ತಿರುವವರಿಗೆ ಈ ಬರಹ.

ವೇಗದ ದೋಣಿ ಅಂದರೆ ದುಡ್ಡಿದ್ದವರ ಮೋಜು ಎಂದು ನಮ್ಮ ಕಡೆ ಬಹಳ ಜನ ತಿಳಿಯುತ್ತಾರೆ. ತುಂಬಿ ಬಂದ ಕೃಷ್ಣೆಯನ್ನು ದಂಡೆಯಲ್ಲಿ ನಿಂತು ಕಂಡವರು ಹಾಗೆ ಅನ್ನಲಾರರು. ನೀರಿನಲ್ಲಿ ಮುಳುಗಿದ ಭಾಗ 15 ಅಡಿ ಉದ್ದವಿರುವ ದೋಣಿ ನೀರನ್ನು ಸೀಳಿಕೊಂಡು ಹೋದರೆ ಅದರ ಮಿತಿ ಗಂಟೆಗೆ ಸುಮಾರು 10 ಕಿ.ಮೀ. ಅದಕ್ಕೂ ಮೀರಿ ತಳ್ಳಿದರೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಏರಬೇಕಾಗುತ್ತದೆ. ಸೆಕೆಂಡಿಗೆ ಮೂರು ಮೀಟರ್ ಸೆಳವು ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ಅಂಥ ಸೆಳವಿಗೆ ಎದುರಾದ ಸಣ್ಣ ಎಂಜಿನ್ನಿನ ದೋಣಿ ಎಷ್ಟು ರೇಸ್ ಕೊಟ್ಟರೂ ಹಿಂದಕ್ಕೇ ಹೋಗುತ್ತದೆ. ನೀರಿನ ಮೈಮೇಲೆ ಎದ್ದು ಜಾರಬಲ್ಲ ತಳ ಬೇಕು, ಅದನ್ನು ಎಬ್ಬಿಸುವಷ್ಟು ಎಚ್‌ಪಿ ಬೇಕು. 2013ರ ಮಳೆಗಾಲದಲ್ಲಿ ಸುರಪುರ ತಾಲೂಕಿನ ನೀಲಕಂಠರಾಯನ ಗಡ್ಡಿ ಎಂಬ ಕೃಷ್ಣೆಯ ನಡುಗಡ್ಡೆಯಿಂದ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ, ಕುಂಬಳಬುರುಡೆ ಕಟ್ಟಿಕೊಂಡು ಆ ಹೊಳೆಯನ್ನು ಈಜಿ ದಾಟಿದ ಸುದ್ದಿ ಓದಿದ ದಿನ ನಾನು ಊಟ ಮಾಡಿರಲಿಲ್ಲ. ತಮ್ಮನ ದೋಣಿಗೆ ನಾನು ಏಳು ತಿಂಗಳು ಕೊಟ್ಟದ್ದಕ್ಕೆ ಅದೇ ಕಾರಣ.

ಪಂಪ್‌ಸೆಟ್‌ನ ದುಡಿಮೆ, ಕಾರಿನದಲ್ಲ

ಕಾರು ಸಪಾಟು ರಸ್ತೆಯಲ್ಲಿ 80ರಲ್ಲಿ ಓಡುವಾಗ ಎಂಜಿನ್ ಕೊಡುತ್ತಿರುವುದು 15ರಿಂದ 20 ಎಚ್‌ಪಿ ಮಾತ್ರ. ಇಳಿಜಾರು ಬಂದರೆ ಅಷ್ಟೂ ಬೇಡ. ಸಿಗ್ನಲ್ಲಿಗೆ ನಿಂತರೆ ವಿಶ್ರಾಂತಿ. ದೋಣಿಗೆ ಇಳಿಜಾರೂ ಇಲ್ಲ, ಸಿಗ್ನಲ್ಲೂ ಇಲ್ಲ. ನೀರಿನ ಮೇಲೆದ್ದು ಓಡುವಷ್ಟು ಹೊತ್ತೂ ಎಂಜಿನ್ ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕೊಡುತ್ತಲೇ ಇರಬೇಕು. ಮೈತುಂಬ ಲೋಡು ಹೇರಿದ ಲಾರಿ ಕೊನೆಯಿಲ್ಲದ ಘಾಟಿ ಹತ್ತುತ್ತಲೇ ಇದೆ ಎಂದುಕೊಳ್ಳಿ. ನಮ್ಮ ರೈತರು ರಾತ್ರಿಯಿಡೀ ಹೊಲಕ್ಕೆ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್ಟಿನ ದುಡಿಮೆ ಇದೇ ಜಾತಿಯದು. ಆ ಎಂಜಿನ್ನುಗಳನ್ನು ದಪ್ಪ ಕಬ್ಬಿಣದಲ್ಲಿ ಎರಕ ಹೊಯ್ದು ನಿಧಾನವಾಗಿ ತಿರುಗಿಸುವುದು ಸುಮ್ಮನೆ ಅಲ್ಲ.

ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. ಪಂಖ ನುಂಗುವ ಶಕ್ತಿ ಅದರ ಸುತ್ತುಗಳ ಘನಕ್ಕೆ ಹತ್ತಿರವಾಗಿ ಏರುತ್ತದೆ. ಅರ್ಧ ಸುತ್ತಿಗೆ ಇಳಿಸಿದರೆ ಎಂಟರಲ್ಲೊಂದು ಪಾಲು ಸಾಕು, ಹತ್ತರಲ್ಲಿ ಎಂಟು ಪಾಲಿಗೆ ಏರಿಸಿದರೆ ಅರ್ಧ ಶಕ್ತಿ ಬೇಕು. ಕೊನೆಯ ಎರಡು ಪಾಲು ಸುತ್ತಿಗಾಗಿ ಉಳಿದರ್ಧ ಶಕ್ತಿಯೆಲ್ಲ ಹೋಗುತ್ತದೆ. ವೇಗವೂ ಸುಲಭವಾಗಿ ಏರುವುದಿಲ್ಲ: ಎಚ್‌ಪಿ ಎರಡು ಪಟ್ಟಾದರೆ ವೇಗ ಸುಮಾರು 1.4 ಪಟ್ಟು ಮಾತ್ರ. ಹಾಗಾಗಿ "ಎಷ್ಟು ಎಚ್‌ಪಿ?" ಎಂದಷ್ಟೇ ಕೇಳಬೇಡಿ. "ಎಷ್ಟು ಸುತ್ತಿನಲ್ಲಿ, ಎಷ್ಟು ಹೊತ್ತು?" ಎಂದು ಕೇಳಿ.

ಹಾಗಾದರೆ ಕಾರಿನ ಎಂಜಿನ್ ದೋಣಿಗೆ ಆಗದ ವಸ್ತುವೇ? ಖಂಡಿತ ಅಲ್ಲ. ದೋಣಿಯದೆಂದು ಮಾರುವ ಎಂಜಿನ್ನುಗಳ ವಂಶಾವಳಿ ನೋಡಿದರೆ ಹೆಚ್ಚಿನವು ರಸ್ತೆಯಿಂದಲೇ ಬಂದಿವೆ. ವೋಲ್ವೊ ಪೆಂಟಾ 1959ರಲ್ಲಿ ಒಳಗೆ ಎಂಜಿನ್, ಹೊರಗೆ ಲೆಗ್ ಇರುವ ಜೋಡಣೆಯನ್ನು ಮಾರುಕಟ್ಟೆಗೆ ತಂದು, ಮುಂದೆ ಹಲವು ವರ್ಷ ಅದಕ್ಕೆ ವೋಲ್ವೊ ಕಾರುಗಳ ನಾಲ್ಕು ಸಿಲಿಂಡರ್ ಎಂಜಿನ್ನನ್ನೇ ಕೊಟ್ಟಿತು. ಇದೇ ಬಗೆಯ ಜೋಡಣೆಯ ಅಮೆರಿಕದ ಮರ್ಕ್ರೂಸರ್ 1961ರಲ್ಲಿ ಬಂತು. ಅದರ ಹೆಸರಾಂತ 5.7 ಲೀಟರಿನ ವಿ8 ಶೆವ್ರೊಲೆ ಕಾರುಗಳಲ್ಲಿದ್ದ ಸ್ಮಾಲ್ ಬ್ಲಾಕ್. ಜಪಾನಿನ ಯಾನ್ಮಾರ್ ಕಂಪನಿಯ ಬಿವೈ ಸಾಲಿನ ಡೀಸೆಲ್‌ಗಳು ಬಿಎಂಡಬ್ಲ್ಯು ಕಾರಿನವು. ಅಂದರೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಎಲ್ಲ ಹೆಚ್ಚುಕಡಿಮೆ ಅವೇ. ಬೇರೆಯಾಗುವುದು ಬ್ಲಾಕಿನ ಮೈಗೆ ಹೊರಗಿನಿಂದ ಬೋಲ್ಟ್ ಆಗುವ ಸಾಮಾನು. ದುಡ್ಡು ಹೋಗುವುದೂ ಅಲ್ಲೇ, ಜೀವ ಹೋಗುವುದೂ ಅಲ್ಲೇ. ಮುಂದಿನ ಯಾವ ಆಯ್ಕೆಯನ್ನು ತೂಗುವಾಗಲೂ ಎಂಜಿನ್ನಿನ ಬೆಲೆ ಬದಿಗಿಟ್ಟು ಈ ಹೊರಗಿನ ಸಾಮಾನಿನ ಲೆಕ್ಕ ಮೊದಲು ಹಾಕಿ.

ಪೆಟ್ರೋಲ್ ಕಾರಿನ ಎಂಜಿನ್: ನಾವು ಮಾಡಿದ್ದು

ಜಿಪ್ಸಿಯ 1.3 ಲೀಟರಿನ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರ್ ಇರುವ) ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ 80 ಎಚ್‌ಪಿ ಕೊಡುತ್ತದೆ, 4500 ಸುತ್ತಿನಲ್ಲಿ 103 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನಮ್ಮ ಲೆಗ್ ಸಿದ್ಧವಾಗಿದ್ದು 4400ರಿಂದ 4800 ಸುತ್ತಿನ ಎಂಜಿನ್ನಿಗೆ. 4500ರಲ್ಲಿ 103 ನ್ಯೂಟನ್ ಮೀಟರನ್ನು ಎಚ್‌ಪಿಗೆ ತಿರುಗಿಸಿದರೆ ಬರುವುದು 66. ದಾರಿಯಲ್ಲೇ 14 ಎಚ್‌ಪಿ ಮಾಯ. 135ರ ಜಾಗಕ್ಕೆ 66 ಬಂದಾಗ ವೇಗ ಶೇಕಡ 70ಕ್ಕೆ ಇಳಿಯಬೇಕು. ಅಷ್ಟಕ್ಕೇ ಇಳಿಯಿತು: ದೋಣಿ ಮಾರಿದವರು 60 ಕಿ.ಮೀ. ಎಂದಿದ್ದರು, ಮೊಬೈಲಿನ ಜಿಪಿಎಸ್‌ನಲ್ಲಿ ನಮಗೆ ಕಂಡದ್ದು 42. ಅದೂ ಪಂಖ ಬದಲಿಸಿದ ಮೇಲೆ. ಪಂಖ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರವೇ ಪಿಚ್. ಹಳೆಯ 19 ಇಂಚು ಪಿಚ್ಚಿನ ಪಂಖದಲ್ಲಿ ಎಂಜಿನ್ 3000 ಸುತ್ತು ದಾಟದೆ ಏದುಸಿರು ಬಿಡುತ್ತಿತ್ತು, ದೋಣಿ ಮೇಲಕ್ಕೇಳಲೇ ಇಲ್ಲ. 15 ಇಂಚಿನದಕ್ಕೆ ಇಳಿದಾಗ ಎದ್ದಿತು. ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದರೆ ಎಂಜಿನ್ ಸಾಯುವ ಹಾಗೆ, ಪಿಚ್ ಹೆಚ್ಚಾದರೂ ಸಾಯುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಎಂಜಿನ್ ತನ್ನ ಗೊತ್ತಾದ ಸುತ್ತನ್ನು ಮುಟ್ಟಲೇಬೇಕು, ಆ ಪಂಖವೇ ಸರಿಯಾದ ಪಂಖ.

ಹಗುರ ಎಂಬುದೊಂದು ಫಾಯಿದೆ. ಅಲ್ಯುಮಿನಿಯಂ ಬ್ಲಾಕ್, ಇಬ್ಬರು ಹಿಡಿದರೆ ಎತ್ತಬಹುದು. ಆದರೆ ಅಲ್ಯುಮಿನಿಯಂ ಆದ್ದರಿಂದಲೇ ಹೊಳೆಯ ನೀರನ್ನು ನೇರವಾಗಿ ಅದರೊಳಗೆ ಹರಿಸಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ದೋಣಿಯ ಎಂಜಿನ್ ತಂಪಾಗಲು ಎರಡು ಬಗೆ. ಹೊರಗಿನ ನೀರನ್ನು ಪಂಪಿನಿಂದ ಎಳೆದು, ಬ್ಲಾಕಿನಲ್ಲಿ ಸುತ್ತಿಸಿ, ಹೊರಗೆ ಬಿಡುವುದು ಒಂದು. ಬ್ಲಾಕಿನೊಳಗೆ ಕೂಲಂಟ್ ಇಟ್ಟು, ರೇಡಿಯೇಟರ್ ಜಾಗದಲ್ಲಿ ಒಂದು ಹೀಟ್ ಎಕ್ಸ್‌ಚೇಂಜರ್ ಕೂಡ್ರಿಸಿ, ಹೊರಗಿನ ನೀರು ಅದರ ಕೊಳವೆಗಳಲ್ಲಷ್ಟೇ ಹರಿಯುವಂತೆ ಮಾಡುವುದು ಇನ್ನೊಂದು. ಸಿಹಿನೀರಿಗೆ ಮೊದಲನೆಯದೇ ಸಾಕು ಎಂದು ಹೇಳುವವರಿದ್ದಾರೆ. ನಮ್ಮ ಸೀಮೆಯ ನೀರು ಕಂಡವರು ಹಾಗೆ ಹೇಳಲಾರರು. ಕಾಗಿಣಾ, ಭೀಮೆಯ ಸುತ್ತಲಿನ ನೆಲವೇ ಶಹಾಬಾದ ಕಲ್ಲು, ಅಂದರೆ ಸುಣ್ಣದ ಕಲ್ಲು. ಮನೆಯ ಗೀಜರಿನ ಕಾಯಿಲ್ ಮೇಲೆ ಬೆಳ್ಳಗೆ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಬ್ಲಾಕಿನ ಕಾದ ಗೋಡೆಯ ಮೇಲೂ ಅದೇ ಪೊರೆ ಕಟ್ಟುತ್ತದೆ, ಒಳಗೆ ಕಣ್ಣು ಹಾಯುವ ಹಾಗಿಲ್ಲ. ಮಳೆಗಾಲದ ಕೆಂಪು ನೀರಿನ ಹೂಳು ಬೇರೆ. ಆದ್ದರಿಂದ ನನ್ನ ಮಾತು ಸ್ಪಷ್ಟ: ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಯ ನೀರಿನಲ್ಲಿ ಹೀಟ್ ಎಕ್ಸ್‌ಚೇಂಜರ್ ಇಲ್ಲದೆ ಯಾವ ಕಾರಿನ ಎಂಜಿನ್ನನ್ನೂ ಇಳಿಸಬೇಡಿ. ಅಳತೆ ಹೀಗೆ ಹಾಕಿದೆ: ಪೆಟ್ರೋಲ್ ಎಂಜಿನ್ ಪಂಖಕ್ಕೆ ಎಷ್ಟು ಶಕ್ತಿ ಕೊಡುತ್ತದೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಕೂಲಂಟಿಗೂ ಕೊಡುತ್ತದೆ. 66 ಎಚ್‌ಪಿ ಅಂದರೆ ಸುಮಾರು 50 ಕಿಲೋವ್ಯಾಟ್. ಹೊರಗಿನ ನೀರು ಒಳಬಂದು ಹೋಗುವಾಗ 10 ಡಿಗ್ರಿ ಏರಬಹುದು ಎಂದಿಟ್ಟುಕೊಂಡರೆ ನಿಮಿಷಕ್ಕೆ 70 ಲೀಟರಿಗೂ ಮಿಕ್ಕಿ ನೀರು ಬೇಕು. ಅಷ್ಟು ನೀರೆತ್ತುವುದು ರಬ್ಬರ್ ಇಂಪೆಲರಿನ, ಅಂದರೆ ರಬ್ಬರ್ ಎಸಳುಗಳ ಚಕ್ರದ, ಪಂಪು. ಅದಕ್ಕೆ ಮುಂಚೆ ಕೈಯಿಂದ ತೆಗೆದು ತೊಳೆಯುವಂಥ ಜಾಳಿಗೆ ಬೇಕೇ ಬೇಕು. ಉಸುಕು ಹೋದರೆ ರಬ್ಬರ್ ಸವೆಯುತ್ತದೆ, ನೀರಿಲ್ಲದೆ ತಿರುಗಿದರೆ ಒಂದೆರಡು ನಿಮಿಷದಲ್ಲೇ ಸುಟ್ಟು ಚೂರಾಗುತ್ತದೆ. ತಮ್ಮನ ದೋಣಿಯ ಹಳೆಯ ಎಂಜಿನ್ ಸತ್ತದ್ದೂ ಇದರಿಂದಲೇ. ಪಂಪು ಬಿಚ್ಚಿದಾಗ ಇಂಪೆಲರಿನ ಆರು ಎಸಳಲ್ಲಿ ಒಂದೂ ಉಳಿದಿರಲಿಲ್ಲ.

ಹೊಗೆಯ ಮ್ಯಾನಿಫೋಲ್ಡ್, ಅಂದರೆ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ, ಇದಕ್ಕಿಂತ ದೊಡ್ಡ ಸಂಗತಿ. ನಾನು ತಪ್ಪಿದ್ದು ಇಲ್ಲೇ. ಕಾರಿನ ಮ್ಯಾನಿಫೋಲ್ಡಿಗೆ ಎದುರು ಗಾಳಿ ಬಡಿಯುತ್ತದೆ, ಅದೇ ಅದರ ತಂಪು. ದೋಣಿಯ ಮುಚ್ಚಿದ ಪೆಟ್ಟಿಗೆಯೊಳಗೆ ಆ ಗಾಳಿ ಎಲ್ಲಿಂದ ಬರಬೇಕು? ಸುತ್ತಲೂ ಶಾಖ ತಡೆಯುವ ಪಟ್ಟಿ ಸುತ್ತಿದರೆ ಸಾಕೆಂದು ನಾನಂದೆ. ದಂಡೆಯಲ್ಲೇ ಹತ್ತು ನಿಮಿಷ ಓಡಿಸಿದಾಗ ಪೆಟ್ಟಿಗೆಯ ಫೈಬರ್ ಕಂದು ಬಣ್ಣಕ್ಕೆ ತಿರುಗಿ, ಕಣ್ಣುರಿಸುವ ವಾಸನೆ ಬಂತು. ಲೋಡಿನಲ್ಲಿ ಮ್ಯಾನಿಫೋಲ್ಡ್ ಐದಾರು ನೂರು ಡಿಗ್ರಿ ಮುಟ್ಟುತ್ತದೆ, ಫೈಬರಿನ ರಾಳ ನೂರು ಮುಟ್ಟುವ ಮೊದಲೇ ಬಿಗಿ ಕಳೆದುಕೊಳ್ಳುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪು. ಅವತ್ತು ಎಂಜಿನ್ ಬಂದ್ ಮಾಡಿದ್ದು ತಮ್ಮನ ಬುದ್ಧಿ, ನನ್ನದಲ್ಲ.

ಆಮೇಲೆ ಮಾಡಬೇಕಾದ್ದನ್ನೇ ಮಾಡಿದೆವು: ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ಪದರದ ಮ್ಯಾನಿಫೋಲ್ಡ್, ನಡುವೆ ನೀರು. ಅದರ ಮುಂದೆ ಎತ್ತರಕ್ಕೇರಿ ಇಳಿಯುವ ರೈಸರ್. ಇಳಿಯುವ ಕಡೆ ಹೊಗೆಗೆ ನೀರು ಬೆರೆತು, ತಣ್ಣಗಾಗಿ, ರಬ್ಬರ್ ಕೊಳವೆಯಲ್ಲಿ ಹಿಂಬದಿಗೆ ಹೋಗುತ್ತದೆ. ವೆಲ್ಡಿಂಗ್ ಆದ ಮೇಲೆ ಎರಡು ಕೆ.ಜಿ. ಒತ್ತಡದಲ್ಲಿ ನೀರು ತುಂಬಿ ಒಂದು ದಿನ ಬಿಟ್ಟು ನೋಡಿದೆ. ಎರಡು ಕಡೆ ಬೆವರಿತು, ಮತ್ತೆ ವೆಲ್ಡ್ ಮಾಡಿದೆ. ಇಲ್ಲಿ ನೀರು ಒಳಸೋರಿದರೆ ಅದು ಇಳಿಯುವುದು ಸಿಲಿಂಡರಿಗೆ, ನೀರು ಕುಗ್ಗದ ವಸ್ತು, ಅಲ್ಲಿ ತುಂಬಿ ನಿಂತರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ರೈಸರ್ ಎತ್ತರ ಸಾಲದಿದ್ದರೂ ಇದೇ ಗತಿ. ವಾಲ್ವುಗಳನ್ನು ತೆರೆದು ಮುಚ್ಚುವುದು ಕ್ಯಾಮ್‌ಶಾಫ್ಟ್. ಕಾರಿನ ಕೆಲವು ಕ್ಯಾಮ್‌ಶಾಫ್ಟುಗಳಲ್ಲಿ ಹೊಗೆಯ ವಾಲ್ವೂ ಗಾಳಿಯ ವಾಲ್ವೂ ಕೆಲ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ನಿಧಾನ ಸುತ್ತಿನಲ್ಲಿ ಆ ಸಂದಿಯಿಂದ ಹೊಗೆಕೊಳವೆಯ ನೀರನ್ನು ಎಂಜಿನ್ ಹಿಂದಕ್ಕೆ ಹೀರಿಕೊಳ್ಳುತ್ತದೆ. ದೋಣಿಯ ಕ್ಯಾಮ್‌ಗಳಲ್ಲಿ ಈ ಹೊತ್ತನ್ನು ಕಡಿಮೆ ಇಡುವುದು ಅದಕ್ಕೇ. ರೇಸಿಂಗ್ ಕ್ಯಾಮ್ ಹಾಕಿದ ಕಾರಿನ ಎಂಜಿನ್ ಸಿಕ್ಕರೆ, ಎಷ್ಟೇ ಅಗ್ಗವಿರಲಿ, ಬಿಟ್ಟುಬಿಡಿ.

ಮೂರನೆಯದು ಕಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಬಿದ್ದು ಹರಡಿಹೋಗುತ್ತದೆ, ದೋಣಿಯಲ್ಲಿ ತಳದ ಬಟ್ಟಲಿನಲ್ಲಿ ನಿಂತುಕೊಳ್ಳುತ್ತದೆ. ಕಾರಿನ ಸೆಲ್ಫ್ ಮೋಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಎಲ್ಲದರೊಳಗೂ ಕಿಡಿ ಹಾರುತ್ತದೆ, ಅವುಗಳ ಮೈಗೆ ತೂತುಗಳಿರುತ್ತವೆ. ದೋಣಿಗೆಂದು ಮಾಡಿದವು ಕಿಡಿ ಹೊರಬಾರದಂತೆ ಮುಚ್ಚಿದವು, ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಏರ್ ಫಿಲ್ಟರ್ ಜಾಗದಲ್ಲಿ ಬೆಂಕಿ ತಡೆಯುವ ಲೋಹದ ಜಾಳಿಗೆ, ತಳದ ಗಾಳಿ ಎಳೆದು ಹೊರಹಾಕುವ ಬ್ಲೋವರ್, ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಅದನ್ನು ಓಡಿಸುವ ರೂಢಿ. ಇವುಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ನಮ್ಮ ಆಲ್ಟರ್ನೇಟರ್ ಹಳೆಯ ಎಂಜಿನ್ನಿನಿಂದಲೇ ಬಂತು, ಸೆಲ್ಫ್ ಮಾತ್ರ ಹೊಂದಲಿಲ್ಲ. ಜಿಪ್ಸಿಗೆ ಹೊಂದುವ ಮುಚ್ಚಿದ ಸೆಲ್ಫ್ ಹುಡುಕಲು ಎರಡು ತಿಂಗಳು ಹೋಯಿತು.

ಇನ್ನುಳಿದವು ಸಣ್ಣವು, ಆದರೆ ಎಣಿಸಬೇಕು. ಫ್ಲೈವೀಲಿನಿಂದ ಲೆಗ್ಗಿಗೆ ಅಡಾಪ್ಟರ್ ಪ್ಲೇಟು, ಕಪ್ಲರ್: ಇದು ನನ್ನ ಲೇತಿನ ಕೆಲಸ, ಹೊರಗೆ ಮಾಡಿಸಿದರೆ ದೊಡ್ಡ ಖರ್ಚು. ದೋಣಿ ಮೂಗೆತ್ತಿದಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುವುದರಿಂದ ಎಂಜಿನ್ ತಳದ ಎಣ್ಣೆಯ ಚೇಂಬರಿನಲ್ಲಿ ಎಣ್ಣೆ ಹೀರುವ ಕೊಳವೆಯ ಜಾಗ ಬದಲಿಸಬೇಕು. ಆಕ್ಸಿಜನ್ ಸೆನ್ಸರ್ ನೀರಾವಿಗೆ ಎರಡೇ ವಾರದಲ್ಲಿ ಸತ್ತಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ದೋಣಿಯ ಟ್ಯಾಂಕು ಹಳೆಯ ಫೈಬರಿನದಾದರೆ ಅದರ ರಾಳವನ್ನೇ ಕರಗಿಸಿ ಎಂಜಿನ್ನಿಗೆ ಕಳಿಸುತ್ತದೆ. ಪೈಪು, ಟ್ಯಾಂಕು ಎರಡನ್ನೂ ಹೊಸದು ಮಾಡಿ.

ಇಷ್ಟಾಗಿ ಬಂದದ್ದು 66 ಎಚ್‌ಪಿ, ಪೂರ್ತಿ ರೇಸಿನಲ್ಲಿ ಗಂಟೆಗೆ ಸುಮಾರು 20 ಲೀಟರ್ ಪೆಟ್ರೋಲ್. ನಮ್ಮ ಉಸ್ತಾದರು ಒಂದೇ ಮಾತಿನಲ್ಲಿ ಹೇಳಿದರು: "ಎಂಜಿನ್ ಭೇಷ್ ಅದರಿ. ಖರೆ, ಈ ದೋಣಿಗಿ ಅಲ್ಲ." ಹದಿನೈದು ಅಡಿಯೊಳಗಿನ ಹಗುರ ದೋಣಿಗೆ, ನೀರಿನ ಮ್ಯಾನಿಫೋಲ್ಡ್ ಸಿದ್ಧವಾಗಿಯೇ ಸಿಗುವ ಎಂಜಿನ್ನಾದರೆ, ಈ ದಾರಿ ಹಿಡಿಯಬಹುದು. ಮ್ಯಾನಿಫೋಲ್ಡನ್ನು ನೀವೇ ಮಾಡಿಸಬೇಕಾದರೆ ನಾನು ಬೇಡ ಎನ್ನುತ್ತೇನೆ.

ಜೀಪು, ಬೊಲೆರೊದ ಡೀಸೆಲ್

ನಮ್ಮಲ್ಲಿ ಗ್ಯಾರೇಜಿಗೊಂದು ಬೊಲೆರೊ ಎಂಜಿನ್ ಸಿಗುತ್ತದೆ, ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಮೇಸ್ತ್ರಿಗಳೂ ಸಿಗುತ್ತಾರೆ. ಈ ಕಾರಣಕ್ಕೇ ಡೀಸೆಲ್ ಆಸೆ ಹುಟ್ಟಿಸುತ್ತದೆ. ಹಳೆಯ 2.5 ಲೀಟರಿನ ಡಿಐ ಎಂಜಿನ್ 3200 ಸುತ್ತಿನಲ್ಲಿ 63 ಎಚ್‌ಪಿ, ಟಾರ್ಕ್ 180. ಕಿಡಿಯ ಭಯ ಬಹುಪಾಲು ಹೋಯಿತು, ಡೀಸೆಲ್ ಆವಿ ಪೆಟ್ರೋಲಿನಂತೆ ಸಿಡಿಯುವುದಿಲ್ಲ. ಗಂಟೆಗೆ 14 ಲೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಿಧಾನ ಸುತ್ತಿನಲ್ಲಿ ದಿನವಿಡೀ ಎಳೆಯುವುದು ಅದರ ಹುಟ್ಟುಗುಣ.

ಆದರೆ ತೂಕ. ವೇಗದ ದೋಣಿಯ ಹಿಂಭಾಗಕ್ಕೆ ಭಾರ ಹೆಚ್ಚಿದಷ್ಟೂ ಅದು ಮೂಗೆತ್ತಿ, ಕುದುರೆ ಕುಣಿದಂತೆ ನೀರಿಗೆ ಕುಟ್ಟುತ್ತ ಸಾಗುತ್ತದೆ. 63 ಎಚ್‌ಪಿಗೆ ಅಷ್ಟು ಭಾರ ಹೊರಿಸಿದರೆ 17 ಅಡಿಯ ನಮ್ಮ ದೋಣಿ ಮೇಲಕ್ಕೇಳುವುದೇ ಕಷ್ಟ. ಹಾಗಾದರೆ ಸ್ಕಾರ್ಪಿಯೊದ 2.2 ಲೀಟರಿನ ಎಂಹಾಕ್? 120 ಎಚ್‌ಪಿ ಇದೆ, ಟಾರ್ಕ್ 290. ನಮ್ಮ ಲೆಗ್ಗಿನ ಹಳೆಯ ಎಂಜಿನ್ 4600 ಸುತ್ತಿನಲ್ಲಿ 135 ಎಚ್‌ಪಿ ಕೊಡುವಾಗ ಗೇರಿಗೆ ಬೀಳುತ್ತಿದ್ದ ಟಾರ್ಕ್ 210ರಷ್ಟು. 290 ಬಿದ್ದರೆ ಲೆಗ್ಗಿನ ಹಲ್ಲುಗಳು ಎಷ್ಟು ದಿನ? ಮೇಲಾಗಿ ಟರ್ಬೊ ಕೆಂಪಗೆ ಕಾಯುತ್ತದೆ, ಅದಕ್ಕೂ ನೀರಿನ ಕವಚ ಬೇಕು. ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲಿನ ಡೀಸೆಲ್‌ಗಳನ್ನಂತೂ ಮುಟ್ಟಬೇಡಿ. ಹೊಗೆ ಸೋಸುವ ಡಬ್ಬಿ, ಅದರ ಸೆನ್ಸರುಗಳು ಇಲ್ಲದೆ ಅದರ ಕಂಪ್ಯೂಟರ್ ಎಂಜಿನ್ನಿಗೆ ಪೂರ್ತಿ ಶಕ್ತಿ ಬಿಡುವುದಿಲ್ಲ. ಕಂಪ್ಯೂಟರ್ ಇಲ್ಲದೆ ಡೀಸೆಲ್ ಪಂಪಿನಿಂದಲೇ ನಡೆಯುವ ಹಳೆಯವೇ ಒಳ್ಳೆಯವು.

ಡೀಸೆಲ್ ನಿಜವಾಗಿ ಒಪ್ಪುವುದು ಹೊರೆಯ ದೋಣಿಗೆ: ಮೀನಿನ ಬಲೆ, ಮೇವು, ಜನ ಹೊತ್ತು ಗಂಟೆಗೆ ಎಂಟ್ಹತ್ತು ಕಿ.ಮೀ. ಹೋಗುವಂಥದಕ್ಕೆ. ಅಲ್ಲಿ ತಳದ ಹೊರಗೆ ಕೊಳವೆ ಹಾಯಿಸಿ, ಅದರಲ್ಲೇ ಕೂಲಂಟ್ ಸುತ್ತಿಸಿದರೆ ಹೂಳು ನೀರು ಎಂಜಿನ್ನಿನ ಹತ್ತಿರಕ್ಕೂ ಬರುವುದಿಲ್ಲ. ವೇಗದ ದೋಣಿಗೆ ಆ ಕೊಳವೆಯೇ ಅಡ್ಡಿ.

ಔಟ್‌ಬೋರ್ಡ್

ಹಿಂಬದಿಗೆ ನೇತುಹಾಕುವ 115 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಸುಮಾರು 165ರಿಂದ 175 ಕೆ.ಜಿ. ಎಂಜಿನ್, ಗೇರು, ಲೆಗ್, ಪಂಖ, ತಂಪಿನ ಪಂಪು ಎಲ್ಲ ಅದರಲ್ಲೇ ಬಂತು. ಹಳೆಯ ಮೂರು ಲೀಟರಿನ ಎಂಜಿನ್ನೂ ಲೆಗ್ಗೂ ಸೇರಿ 290 ಕೆ.ಜಿ.ಯಷ್ಟಿತ್ತು. ಪೆಟ್ರೋಲ್ ಆವಿ ದೋಣಿಯ ಹೊಟ್ಟೆಯಲ್ಲಿ ಎಂಜಿನ್ನಿನ ಜೊತೆ ಇರುವುದಿಲ್ಲ. ಬಂಡೆ ಕಂಡರೆ ಗುಂಡಿ ಒತ್ತಿ ಮೇಲೆತ್ತಬಹುದು. ತಿಂಥಣಿಯ ಹತ್ತಿರ ಕೃಷ್ಣೆಯ ಬಂಡೆಗಳನ್ನು ಬೇಸಿಗೆಯಲ್ಲಿ ನೋಡಿ, ಈ ಗುಣದ ಬೆಲೆ ಗೊತ್ತಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದಾಗ ಜನರನ್ನು ಹೊರತಂದ ರಕ್ಷಣಾ ಪಡೆಗಳು ಗಾಳಿ ತುಂಬಿದ ದೋಣಿಗೆ ಔಟ್‌ಬೋರ್ಡನ್ನೇ ಕಟ್ಟುವುದೂ ಇದಕ್ಕೇ: ಕೆಟ್ಟರೆ ಬಿಚ್ಚಿ ಇನ್ನೊಂದು ಕಟ್ಟಿದರಾಯಿತು.

ಎರಡು ಸಂಗತಿ ತಡೆಯುತ್ತವೆ. ಹೊಸದಾದರೆ ಬೆಲೆ ಒಂದು ಸಣ್ಣ ಹೊಸ ಕಾರನ್ನು ದಾಟುತ್ತದೆ, ಬಿಡಿಭಾಗಕ್ಕೆ ಗೋವಾ, ಮುಂಬೈ, ಕೊಚ್ಚಿಯ ದಾರಿ ಕಾಯಬೇಕು. ಎರಡನೆಯದು, ಇವುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಶೇಕಡ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪಿಗೆ ಇರುತ್ತದೆ. ನಮ್ಮ ಬಂಕಿನಲ್ಲಿರುವುದು ಅದರ ಎರಡು ಪಟ್ಟು. ಕೊಳ್ಳುವ ಮೊದಲೇ ಮಾರುವವರಿಂದ ಇದರ ಬಗ್ಗೆ ಬರೆಸಿಕೊಳ್ಳಿ. ಒಳಗಿನ ಎಂಜಿನ್ ತೆಗೆದರೆ ಹಿಂಬದಿಯ ತೂತು ಮುಚ್ಚಿ, ಹಲಗೆಯನ್ನು ಹೊಸದಾಗಿ ಗಟ್ಟಿ ಮಾಡಿ, ಅದರ ಮೇಲೆ ಬ್ರ್ಯಾಕೆಟ್ ಕೂಡ್ರಿಸಬೇಕು. ಒಳಗಿನ ಪ್ಲೈವುಡ್ ಕೊಳೆತಿದ್ದರೆ ಔಟ್‌ಬೋರ್ಡ್ ಸಮೇತ ಕಿತ್ತುಬರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ: ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಕೊಳೆತದ್ದು.

ಲೆಗ್ಗೇ ಇಲ್ಲದ ಅಥವಾ ಲೆಗ್ಗಿನ ಗೇರು ಹೋದ ದೋಣಿಯವರಿಗೆ ನನ್ನ ಸಲಹೆ ಇದೊಂದೇ. ಹೊಸ ಲೆಗ್ ತಂದು ಕಾರಿನ ಎಂಜಿನ್ ಕೂಡ್ರಿಸುವುದು ಎಲ್ಲ ಲೆಕ್ಕದಲ್ಲೂ ನುಕ್ಸಾನು.

ನೀರು ಹೀರಿ ಹಿಂದಕ್ಕೆ ಚಿಮ್ಮಿ ದೋಣಿಯನ್ನು ಮುಂದೆ ತಳ್ಳುವ ಜೆಟ್ ಪಂಪಿನ ಬಗ್ಗೆಯೂ ಕೇಳುತ್ತಾರೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಬೆಳೆಸಿದ್ದು, ಬಂಡೆ ತುಂಬಿದ ತೆಳುನೀರಿನ ಹೊಳೆಗಳಿಗೆಂದೇ. 1977ರಲ್ಲಿ ಎಡ್ಮಂಡ್ ಹಿಲರಿ ಜೆಟ್ ದೋಣಿಗಳಲ್ಲೇ ಗಂಗೆಯನ್ನು ಸಮುದ್ರದ ಬಾಯಿಂದ ನಂದಪ್ರಯಾಗದ ಹತ್ತಿರದವರೆಗೆ ಏರಿದ್ದರು. ಪಂಖವೇ ಇಲ್ಲದ್ದರಿಂದ ಬಂಡೆ ಬಡಿಯುವುದಿಲ್ಲ, ನೀರಿನಲ್ಲಿದ್ದ ಮನುಷ್ಯನಿಗೂ ಪಂಖದ ಗಾಯವಿಲ್ಲ. ಕಾರಿನ ಎಂಜಿನ್ನಿಗೆ ನೇರ ಜೋಡಣೆಯೂ ಆಗುತ್ತದೆ. ಆದರೆ ಉಸುಕು ನುಂಗಿ ಸವೆಯುತ್ತದೆ, ಅಂತರಗಂಗೆ ಬೆಳೆದ ಕಡೆ ಬಾಯಿ ಕಟ್ಟಿ ನಿಲ್ಲುತ್ತದೆ, ಪಂಪಿನ ಬೆಲೆ ಎಂಜಿನ್ನಿನ ಹಲವು ಪಟ್ಟು. ಭೀಮೆಯ ಬೇಸಿಗೆಯ ಮಡುಗಳಿಗೆ ಇದಕ್ಕಿಂತ ಒಪ್ಪುವುದು ಬೇರೆ ಇಲ್ಲ, ಸಿಗುವುದು ಮಾತ್ರ ಕಷ್ಟ. ಬ್ಯಾಟರಿ ದೋಣಿಯ ಮಾತು ಬೇಗ ಮುಗಿಯುತ್ತದೆ: 60 ಎಚ್‌ಪಿ ಅಂದರೆ 45 ಕಿಲೋವ್ಯಾಟ್, ಒಂದು ಸಣ್ಣ ಕಾರಿನ 30 ಯುನಿಟ್ ಬ್ಯಾಟರಿ 40 ನಿಮಿಷಕ್ಕೆ ಬರಿದು.

ಬಿಚ್ಚಿ ನೋಡದೇ ಇದ್ದ ಎಂಜಿನ್

ನಾವು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದನ್ನು ಕೊನೆಗೆ ನೋಡಿದೆವು. ಹಳೆಯ ಎಂಜಿನ್ ಜಾಮ್ ಆಗಿದೆ ಅಂದೆವು, ಸತ್ತಿದೆ ಅಂದೆವು, ಶೆಡ್ಡಿನ ಮೂಲೆಗೆ ತಳ್ಳಿದೆವು. ಜಿಪ್ಸಿ ಎಂಜಿನ್ ಓಡಿಸಿ ನೋಡಿದ ಮೇಲೆ ಉಸ್ತಾದರು ಅದರ ಹೆಡ್ ಬಿಚ್ಚಿಸಿದರು. ಎರಡು ಸಿಲಿಂಡರಿನಲ್ಲಿ ಪಿಸ್ಟನ್ ಕಚ್ಚಿ ಗೀರು ಬಿದ್ದಿತ್ತು, ಬ್ಲಾಕು ಸೀಳಿರಲಿಲ್ಲ, ಹೆಡ್ ಸ್ವಲ್ಪ ಬಾಗಿತ್ತು. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ, ಹೆಡ್ ಸಪಾಟು ಮಾಡಿಸಿದರೆ ಮತ್ತೆ 135 ಎಚ್‌ಪಿ. ನೀರಿನ ಮ್ಯಾನಿಫೋಲ್ಡು, ಮುಚ್ಚಿದ ಸೆಲ್ಫು, ಕಪ್ಲರು, ಪಂಖ, ನಾವು ಎರಡು ಲಕ್ಷ ಸುರಿದು ಜಿಪ್ಸಿಗೆ ಹೊಂದಿಸಿದ ಒಂದೊಂದೂ ಇದಕ್ಕೆ ಮೊದಲೇ ಇತ್ತು. ಹೊಸದಾಗಿ ಬೇಕಾದದ್ದು ಹೀಟ್ ಎಕ್ಸ್‌ಚೇಂಜರ್, ಅದನ್ನು ಜಿಪ್ಸಿಯಿಂದ ಬಿಚ್ಚಿ ದೊಡ್ಡದು ಮಾಡಿಸಿಕೊಂಡೆವು. ಕಬ್ಬಿಣದ ಬ್ಲಾಕಾದ್ದರಿಂದ ಬೋರಿಂಗ್ ಕೆಲಸ ನಮ್ಮ ಊರಲ್ಲೇ ಆಯಿತು.

ಬ್ಲಾಕು ನಿಜಕ್ಕೂ ಸೀಳಿದ್ದರೆ? ಆಗಲೂ ಅದೇ ಮನೆತನದ ಬ್ಲಾಕನ್ನೇ ಹುಡುಕಿ. ಇಂಥ ಮೂರು ಲೀಟರಿನ ದೋಣಿ ಎಂಜಿನ್ನುಗಳಲ್ಲಿ ಬಹಳಷ್ಟು ಜನರಲ್ ಮೋಟರ್ಸ್‌ನ 181 ಘನ ಇಂಚಿನ ಬ್ಲಾಕಿನವು. ಅದೇ ಬ್ಲಾಕು ಗೋದಾಮುಗಳ ಫೋರ್ಕ್‌ಲಿಫ್ಟುಗಳಲ್ಲೂ ದುಡಿದಿದೆ. ಅಂಥದೊಂದು ಗುಜರಿಯಲ್ಲಿ ಸಿಕ್ಕರೆ ಕ್ಯಾಮ್, ಕಂಪ್ರೆಷನ್ ಹೋಲಿಸಿ ನೋಡಿ, ದೋಣಿಯ ಹೆಡ್ ಗ್ಯಾಸ್ಕೆಟ್ ಹಾಕಿ, ಬ್ಲಾಕಿನ ಪಕ್ಕದ ಕೋರ್ ಪ್ಲಗ್ಗುಗಳನ್ನು ಹಿತ್ತಾಳೆಯವಕ್ಕೆ ಬದಲಿಸಿ, ನಿಮ್ಮ ಹೊರಗಿನ ಸಾಮಾನೆಲ್ಲ ಅದಕ್ಕೆ ಬೋಲ್ಟ್ ಮಾಡಿ. ಗುಜರಿಯಿಂದ ಯಾವ ಎಂಜಿನ್ ತಂದರೂ ಎಂಜಿನ್ ನಂಬರು ಬರೆದ ಬಿಲ್ಲು ಕೈಯಲ್ಲಿರಲಿ.

ಕಾಗದಪತ್ರದ ವಿಷಯದಲ್ಲಿ ಸಡಿಲ ಬಿಡಬೇಡಿ. 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರದಿಂದ ನಡೆಯುವ ದೋಣಿಗೆ ತಪಾಸಣೆ, ನೋಂದಣಿ ಎರಡೂ ಇವೆ. ಎಂಜಿನ್ ಬದಲಿಸಿದ್ದನ್ನೂ ತಿಳಿಸಿ. ಜಲಾಶಯದಲ್ಲಿ ಇಳಿಸಲು ನೀರಾವರಿ ನಿಗಮದ ಅನುಮತಿ ಬೇಕು, ನಾರಾಯಣಪುರದಲ್ಲಿ ಅದು ಕೃಷ್ಣಾ ಭಾಗ್ಯ ಜಲ ನಿಗಮ. ಪ್ರವಾಹ ಬಂದಾಗ ನಿಮ್ಮ ದೋಣಿ ಉಪಯೋಗಕ್ಕೆ ಬರಲಿ ಎಂಬ ಆಸೆ ಇದ್ದರೆ ತಹಸೀಲ್ದಾರರಿಗೆ, ಅಗ್ನಿಶಾಮಕದವರಿಗೆ ಬೇಸಿಗೆಯಲ್ಲೇ ಹೇಳಿ ಹೆಸರು ಕೊಡಿ. ತುಂಬಿದ ಹೊಳೆಗೆ ತಾನಾಗಿ ಇಳಿದರೆ ಕಾಪಾಡಬೇಕಾದವರ ಲೆಕ್ಕಕ್ಕೆ ಇನ್ನೊಂದು ತಲೆ ಸೇರುತ್ತದೆ ಅಷ್ಟೆ.

ಯಾವ ಎಂಜಿನ್ ಕೂಡ್ರಿಸಿದರೂ ಮೊದಲ ಓಟ ಹಗ್ಗದಲ್ಲಿರಲಿ. ಗಟ್ಟಿ ಹಗ್ಗದಿಂದ ದೋಣಿಯ ಹಿಂಬದಿಯ ಎರಡು ಕೊಕ್ಕೆಗಳನ್ನು ದಂಡೆಯ ಬೇವಿನ ಮರಕ್ಕೆ ಕಟ್ಟಿ. ಪಂಖ ಮುಳುಗಿರಬೇಕು, ಕೆಳಗೆ ಉಸುಕು ಏಳದಷ್ಟು ಆಳವಿರಬೇಕು, ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ನಾಲ್ಕು ನಿಮಿಷ ಬ್ಲೋವರ್, ಆಮೇಲೆ ಸ್ಟಾರ್ಟ್. ಹಿಂಬದಿಯ ಹೊಗೆಕೊಳವೆಯಿಂದ ಅರ್ಧ ನಿಮಿಷದೊಳಗೆ ನೀರು ಬೀಳಲೇಬೇಕು, ಬೀಳದಿದ್ದರೆ ಅಲ್ಲೇ ಬಂದ್. ಗೇರಿಗೆ ಹಾಕಿ 1500 ಸುತ್ತಿನಲ್ಲಿ ಕಾಲು ಗಂಟೆ, 2500ರಲ್ಲಿ ಕಾಲು ಗಂಟೆ. ಮ್ಯಾನಿಫೋಲ್ಡಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವವರೆಗೆ ತಾಳುವಂತಿರಬೇಕು. ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿರಬಾರದು, ತಿರುಗಿದ್ದರೆ ನೀರು ಒಳಸೇರಿದೆ. ಬ್ಯಾಟರಿ ಹತ್ತಿರ, ಟ್ಯಾಂಕಿನ ಹತ್ತಿರ ಬಗ್ಗಿ ಮೂಗಿನಿಂದ ನೋಡಿ. ನಾವು ಹಳೆಯ ಎಂಜಿನ್ನನ್ನು ಹೀಗೆ ಮೂರು ದಿನ ಬೆಳಿಗ್ಗೆ ಓಡಿಸಿದೆವು. ಮೊದಲ ದಿನ ಶಾಖದ ಮುಳ್ಳು 95 ದಾಟಿತು, ಜಾಳಿಗೆಯಲ್ಲಿ ಹುಲ್ಲು ಸಿಕ್ಕಿತ್ತು. ಎರಡನೆಯ ದಿನ ಕಪ್ಲರ್ ಹತ್ತಿರ ಸದ್ದು, ಬಿಚ್ಚಿ, ಸಂದಿ ಅಳೆಯುವ ಫೀಲರ್ ಗೇಜಿನಲ್ಲಿ ಮತ್ತೆ ನೇರ ಮಾಡಿದೆ. ಮೂರನೆಯ ದಿನ ಮುಳ್ಳು 75ರಲ್ಲಿ ಅರ್ಧ ಗಂಟೆ ಅಲುಗದೆ ನಿಂತಿತು. ತಮ್ಮ ನನ್ನ ಮುಖ ನೋಡಿದ. ಹಗ್ಗ ಬಿಚ್ಚು ಎಂದೆ.